ಗೋಮಾಳ, ನೀಲಗಿರಿ, ಕೆರೆ ಹೂಳು: ನಮ್ಮೂರ ಮಣ್ಣಿನ ಕಥೆ

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ಪರಿಸರ ದಿನಾಚರಣೆಗೆ ನಮ್ಮ ಕಡೆ ಗಿಡ ನೆಡೋ ಕಾರ್ಯಕ್ರಮ ಇತ್ತು. ಶಾಮಿಯಾನ, ಮೈಕು, ಹಾರ ತುರಾಯಿ ಎಲ್ಲ. ಭಾಷಣಕ್ಕೆ ನಿಂತ ಸಾಹೇಬ್ರು (ಯಾರು, ಯಾವ ಇಲಾಖೆ ಅನ್ನೋದು ಇಲ್ಲಿ ಬೇಡ) ಹೇಳಿದ್ದು ಇಷ್ಟು: ಹಳ್ಳಿ ಜನ ಸೌದೆಗೆ ಮರ ಕಡಿತಾರೆ, ಕಂಡಕಂಡಲ್ಲಿ ಆಡು ಕುರಿ ಬಿಡ್ತಾರೆ, ಅದಕ್ಕೇ ಮಣ್ಣು ಕೊಚ್ಚಿಕೊಂಡು ಹೋಗ್ತಿದೆ, ಅದಕ್ಕೇ ಕೊಡಗಲ್ಲಿ ವಯನಾಡಲ್ಲಿ ಗುಡ್ಡ ಕುಸೀತಿದೆ, ಆದ್ದರಿಂದ ಗಿಡ ನೆಡಿ. ಹಿಂದಿನ ಸಾಲಲ್ಲಿ ನಮ್ಮ ಕಾಲೋನಿಯ ಅಜ್ಜಿಯರು ಕೂತಿದ್ರು. ಸಾಹೇಬ್ರು ಬೈತಿರೋದು ತಮ್ಮನ್ನೇ ಅಂತ ಗೊತ್ತಾಗದೆ ತಲೆ ಆಡಿಸಿದ್ರು. ಆ ಗಿಡಗಳಿಗೆ ಹಿಂದಿನ ದಿನ ಗುಂಡಿ ತೋಡಿದ್ದು ಅದೇ ಅಜ್ಜಿಯರ ಮಕ್ಕಳು, ನರೇಗಾ ಕೂಲಿಗೆ.

ಆವತ್ತಿಂದ ಈ ಮಾತು ತಲೇಲಿ ಕೊರೀತಾ ಇದೆ. ಮಣ್ಣು ಕೊಚ್ಚಿ ಹೋಗೋದು ನಿಜ. ಗಿಡ ಮಣ್ಣು ಹಿಡಿಯುತ್ತೆ ಅನ್ನೋದೂ ಸುಳ್ಳಲ್ಲ. ಆದರೆ ನಮ್ಮ ಹೊಸಕೋಟೆ, ಮಾಲೂರು, ಕೋಲಾರದ ಕಡೆ ಇದೇ ಮಾತು ಹೇಳ್ಕೊಂಡು ಒಂದು ಸಲ ಬಂದಿದ್ರು. ಆಗ ಯಾವ ಗಿಡ ನೆಟ್ರು, ಯಾರ ಜಾಗದಲ್ಲಿ ನೆಟ್ರು, ಆಮೇಲೆ ಮಣ್ಣು ನಿಂತಿತಾ ಅನ್ನೋದನ್ನ ಯಾರೂ ನಮ್ಮ ಮಕ್ಕಳಿಗೆ ಹೇಳಲ್ಲ. ಅದಕ್ಕೇ ಬರೀತಿದ್ದೀನಿ.

ಪಿಲ್ಲಗುಂಪೆ ಅಂದ್ರೆ ಈಗ ಎಲ್ಲರಿಗೂ ಕಾಣೋದು ಕೈಗಾರಿಕಾ ಪ್ರದೇಶ, ಕಾಂಪೌಂಡು, ಲಾರಿ. ನಮ್ಮದು ಬೆಟ್ಟದ ಸೀಮೆ ಅಲ್ಲ, ಇಲ್ಲಿ ಗುಡ್ಡ ಕುಸಿಯಲ್ಲ. ಕೆಂಪು ಮಣ್ಣಿನ ದಿಣ್ಣೆ, ದಿಣ್ಣೆ ಇಳಿದರೆ ಹಳ್ಳ, ಹಳ್ಳ ಸೇರೋದು ಕೆರೆಗೆ, ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟೋ ದಕ್ಷಿಣ ಪಿನಾಕಿನಿ ಹೊಸಕೋಟೆ ದೊಡ್ಡಕೆರೆ ಹಾದು ತಮಿಳುನಾಡಿಗೆ ಹೋಗುತ್ತೆ, ಅಲ್ಲಿ ಅದನ್ನ ತೆನ್‌ಪೆಣ್ಣೈ ಅಂತಾರೆ. ನದಿ ಅಂತ ಹೆಸರು ಅಷ್ಟೇ, ನನ್ನ ವಯಸ್ಸಿನವರು ಅದರಲ್ಲಿ ನೀರು ನೋಡಿದ್ದು ಅಪರೂಪ. ಮಳೆ ವರ್ಷಕ್ಕೆ 700, 800 ಮಿಲಿಮೀಟರ್. ಅದೂ ನಿಧಾನಕ್ಕೆ ಬರಲ್ಲ, ಬಂದ್ರೆ ಒಂದೇ ಸಂಜೆ ಧೋ ಅಂತ ಸುರಿದು ಹೋಗುತ್ತೆ. ಬೇಸಿಗೆಯಲ್ಲಿ ಬೆತ್ತಲಾಗಿ ಬಿದ್ದಿರೋ ದಿಣ್ಣೆ ಮೇಲೆ ಅಂಥ ಮಳೆ ಬಿದ್ರೆ ಹಳ್ಳದಲ್ಲಿ ರಕ್ತದ ಬಣ್ಣದ ನೀರು. ಅಂದ್ರೆ ಗುಡ್ಡ ಕುಸಿಯೋ ಊರಲ್ಲಿ ಒಂದೇ ರಾತ್ರಿಗೆ ಆಗೋದು ನಮ್ಮಲ್ಲಿ ನೂರು ವರ್ಷಕ್ಕೆ ಆಗುತ್ತೆ, ಸದ್ದಿಲ್ಲದೆ.

ಹಳಬರಿಗೆ ಇದು ಗೊತ್ತಿರಲಿಲ್ಲ ಅಂದ್ಕೋಬೇಡಿ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ (ಬೆಂಗಳೂರಿನ ಸ್ಯಾಂಕಿ ಕೆರೆ ಅವನ ಹೆಸರಿಂದಲೇ) 1866ರಲ್ಲೇ ಬರೆದಿದ್ದ: ಈ ರಾಜ್ಯದಲ್ಲಿ ಹೊಸ ಕೆರೆಗೆ ಜಾಗ ಹುಡುಕೋದೇ ಕಷ್ಟ, ಅಷ್ಟೊಂದು ಕೆರೆ ಕಟ್ಟಿಬಿಟ್ಟಿದ್ದಾರೆ ಅಂತ. ಕಟ್ಟಿದವರು ಯಾರು? ಶಾಸನದಲ್ಲಿ ಗೌಡರ ಹೆಸರು, ದಂಡನಾಯಕರ ಹೆಸರು ಇರುತ್ತೆ. ಮಣ್ಣು ಹೊತ್ತ ವಡ್ಡರ ಹೆಸರು, ನಮ್ಮವರ ಹೆಸರು ಇರಲ್ಲ. ಕೆರೆ ಕಟ್ಟೆ ನಿಲ್ಲಲಿ ಅಂತ ಬಲಿ ಕೊಟ್ಟ ಕಥೆಗಳಲ್ಲಿ ಮಾತ್ರ ಅಲ್ಲಲ್ಲಿ ನಮ್ಮ ಹೆಣ್ಣುಮಕ್ಕಳು ಬರ್ತಾರೆ.

ಆ ಕೆರೆ ನಡೆಸ್ತಿದ್ದವನು ನೀರಗಂಟಿ. ನಮ್ಮ ಸೀಮೆಯಲ್ಲಿ ಈ ಕೆಲಸ ಹೆಚ್ಚಾಗಿ ಹೊಲೆಯ, ಮಾದಿಗ ಮನೆತನಗಳದ್ದೇ. ತೋಟಿ, ತಳವಾರ, ನೀರಗಂಟಿ, ಇವರೆಲ್ಲ ಊರ ಆಯಗಾರರು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ಬೇಡಿ ತರಬೇಕು. ತೂಬು ಎತ್ತೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತೀರ್ಮಾನಿಸೋದು, ಮಳೆ ರಾತ್ರಿ ಕಟ್ಟೆ ಮೇಲೆ ಕೂತು ಕೋಡಿ ಕಾಯೋದು, ಬೇಸಿಗೆಯಲ್ಲಿ ರಾಜಕಾಲುವೆ ಹೂಳು ಎತ್ತಿಸೋದು. ನಮ್ಮಜ್ಜನ ಅಣ್ಣ ಈ ಕೆಲಸ ಮಾಡ್ತಿದ್ದರು. ಯಾವ ದಿಣ್ಣೆಯಿಂದ ಎಷ್ಟು ಮಣ್ಣು ಇಳಿಯುತ್ತೆ, ಯಾವ ಹಳ್ಳದ ಬಾಯಲ್ಲಿ ಕಲ್ಲು ಜೋಡಿಸಿದ್ರೆ ನಿಲ್ಲುತ್ತೆ ಅಂತ ಅವರಿಗೆ ಬಾಯಿಪಾಠ ಅಂತ ನಮ್ಮಪ್ಪ ಹೇಳೋರು. ಇಡೀ ಊರಿಗೆ ನೀರು ಹಂಚೋ ಮನುಷ್ಯ ಊರ ಬಾವಿ ಮುಟ್ಟೋ ಹಾಗಿರಲಿಲ್ಲ, ಅದನ್ನೂ ಸೇರಿಸಿ ಹೇಳೋರು.

ಕೆರೆಗೆ ಇಳಿದ ಮಣ್ಣು ಕಳೆದುಹೋದ ಮಣ್ಣಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ಹೊಡೆಯೋರು, ಅಂದ್ರೆ ತಳದ ಕಪ್ಪು ಹೂಳನ್ನ ಗಾಡಿಗೆ ತುಂಬಿ ಹೊಲಕ್ಕೆ ವಾಪಸ್ ಹಾಕೋರು. ದಿಣ್ಣೆಯಿಂದ ಕೆರೆಗೆ, ಕೆರೆಯಿಂದ ಹೊಲಕ್ಕೆ. ಗುದ್ದಲಿ ಹಿಡಿದವರು ನಮ್ಮವರು, ಹೊಲ ಮಾತ್ರ ಬೇರೆಯವರದ್ದು. ಅದು ಚೆನ್ನಾಗಿದ್ದ ಕಾಲ ಅಂತ ನಾನು ಹೇಳ್ತಿಲ್ಲ. ಹಳೇದೆಲ್ಲ ಬಂಗಾರ ಅನ್ನೋ ಪರಿಸರವಾದಿ ಗೆಳೆಯರ ಜೊತೆ ನನ್ನ ಜಗಳ ಇರೋದೇ ಇಲ್ಲಿ. ಬಿಟ್ಟಿ ಚಾಕರಿ ಮೇಲೆ ನಿಂತ ಕೆರೆ ಅದು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾನೂನು ಬಂದು ಆಯಗಾರಿಕೆ ಹೋಗಿದ್ದು ನಮಗೆ ಬಿಡುಗಡೆಯೇ. ಆದರೆ ಆ ಹುದ್ದೆಯ ಜೊತೆಗಿದ್ದ ಇನಾಮಿ ಜಮೀನು ಎಷ್ಟೋ ಕಡೆ ನಮ್ಮ ಕೈಲಿ ಉಳೀಲಿಲ್ಲ. ಸಾಲಕ್ಕೆ, ಮದುವೆಗೆ, ಸಾರಾಯಿ ಬಾಕಿಗೆ ಹೆಬ್ಬೆಟ್ಟು ಒತ್ತಿಸಿಕೊಂಡವರ ಪಾಲಾಯ್ತು. ಮಂಜೂರಾದ ಜಮೀನು ಹೀಗೆ ಕೈತಪ್ಪೋದನ್ನ ತಡೆಯೋಕೇ 1978ರ ಪಿಟಿಸಿಎಲ್ ಕಾಯ್ದೆ ಬರಬೇಕಾಯ್ತು. ಕೆರೆ ಸಣ್ಣ ನೀರಾವರಿ ಇಲಾಖೆಗೆ, ಪಂಚಾಯ್ತಿಗೆ ಹೋಯ್ತು. ನೀರಗಂಟಿ ಇಲ್ಲ, ಅವನ ಜಾಗಕ್ಕೆ ಯಾರೂ ಬರಲಿಲ್ಲ. ಹೂಳು ಹಾಗೇ ಕೂತಿತು.

ಈಗ ಗೋಮಾಳಕ್ಕೆ ಬರೋಣ. ಕಾಗದದಲ್ಲಿ ಅದು ದನ ಮೇಯಿಸೋಕೆ ಬಿಟ್ಟ ಸರ್ಕಾರಿ ಜಾಗ. ಭೂಮಿ ಇಲ್ಲದ ಕೇರಿಗೆ ಅದೇ ಅಡುಗೆಮನೆ, ಅದೇ ಅಂಗಡಿ. ನಮ್ಮಜ್ಜಿ ನಾಲ್ಕು ಆಡು ಸಾಕಿದ್ದು ಗೋಮಾಳದ ಮೇಲೆ. ಅಲ್ಲಿ ದೊಡ್ಡ ಮರ ಕಡಿಮೆ. ತಂಗಡಿ, ಬಂದ್ರೆ, ಕಾರೆ, ಲಂಟಾನ, ಅಲ್ಲೊಂದು ಇಲ್ಲೊಂದು ಹೊಂಗೆ, ಹುಣಸೆ, ಹಳ್ಳದ ದಂಡೆಗೆ ಈಚಲು. ತಂಗಡಿ ಚಕ್ಕೆ ಚರ್ಮ ಹದ ಮಾಡೋಕೆ ಬೇಕು, ಮಾದಿಗರ ಮನೆಗಳಲ್ಲಿ ಅದಿಲ್ಲದೆ ಕೆಲಸ ಇಲ್ಲ. ಹಂಚಿಕಡ್ಡಿ ಪೊರಕೆಗೆ, ಈಚಲ ಗರಿ ಚಾಪೆಗೆ. ನೋಡೋಕೆ ಬರೀ ಕುರುಚಲು, ಸರ್ಕಾರಿ ಭಾಷೆಯಲ್ಲಿ ಬಂಜರು. ಆದರೆ ಮಣ್ಣು ಹಿಡಿಯೋ ಕೆಲಸದಲ್ಲಿ ಈ ಕುರುಚಲೇ ಮೇಷ್ಟ್ರು. ಬುಡದಿಂದಲೇ ಕವಲೊಡೆದು ನೆಲ ಮುಚ್ಚುತ್ತೆ, ಮಧ್ಯೆ ಹುಲ್ಲು ಬೆಳೆಯುತ್ತೆ, ಮಳೆ ನೀರು ಓಡೋಕೆ ಹೋದ್ರೆ ಅಡ್ಡ ಬರುತ್ತೆ. ಇದರ ಮಧ್ಯೆ ಒಂದೆರಡು ಎಕರೆ ಸಾಗು ಮಾಡ್ಕೊಂಡು ರಾಗಿ, ಹುರುಳಿ ಬೆಳೀತಿದ್ದ ನಮ್ಮವರೂ ಇದ್ದರು. ಬಗರ್ ಹುಕುಂ ಅಂದ್ರೆ ಅದೇ ಅಲ್ವಾ, ಹುಕುಂ ಇಲ್ಲದೆ ಉಳೋದು. ದಂಡ ಕಟ್ಟಿದ ರಸೀದಿಯೇ ಅವರ ಪಾಲಿಗೆ ಪಹಣಿ.

ಇಂಥ ಹೊತ್ತಲ್ಲಿ ದೂರದ ಊರುಗಳಲ್ಲಿ ಒಂದು ಲೆಕ್ಕಾಚಾರ ಶುರುವಾಗಿತ್ತು. 1970ರ ದಶಕ. ಪೆಟ್ರೋಲ್ ಬೆಲೆ ಏರಿ ಪ್ರಪಂಚ ತತ್ತರಿಸಿದಾಗ ಎರಿಕ್ ಎಕ್‌ಹೋಮ್ ಅನ್ನೋ ಅಮೆರಿಕದವನು 1975ರಲ್ಲಿ ಬರೆದ: ಬಡ ದೇಶಗಳಿಗೆ ಇನ್ನೊಂದು ಇಂಧನ ಬಿಕ್ಕಟ್ಟಿದೆ, ಅದು ಸೌದೆ. ಬಡವರು ಸೌದೆಗೆ ಕಾಡು ಬೋಳಿಸ್ತಾರೆ, ಹಿಮಾಲಯದ ಇಳಿಜಾರಿನ ಮಣ್ಣು ಜಾರುತ್ತೆ, ಕೆಳಗೆ ಪ್ರವಾಹ ಬರುತ್ತೆ. ಈ ಮಾತು ವಿಶ್ವಬ್ಯಾಂಕಿನ ತನಕ ಎಲ್ಲರಿಗೂ ಹಿಡಿಸ್ತು. ಬೆಟ್ಟದ ಮಣ್ಣು ಜಾರೋದರಲ್ಲಿ ಮಳೆ, ಬಂಡೆ, ಭೂಕಂಪ, ರಸ್ತೆ ಕೊರೆಯೋರ ಪಾತ್ರ ಎಷ್ಟು, ಸೌದೆ ಹೊರೋ ಹೆಂಗಸಿನ ಪಾತ್ರ ಎಷ್ಟು ಅಂತ ಆಮೇಲೆ ಹಿಮಾಲಯದಲ್ಲಿ ಓಡಾಡಿದ ವಿಜ್ಞಾನಿಗಳೇ ತಕರಾರು ತೆಗೆದರು. ಅಷ್ಟರಲ್ಲಿ ದುಡ್ಡು ಹೊರಟಾಗಿತ್ತು. ನಮ್ಮ ದೇಶದಲ್ಲಿ 1976ರ ರಾಷ್ಟ್ರೀಯ ಕೃಷಿ ಆಯೋಗ ಇನ್ನೂ ನೇರವಾಗಿ ಹೇಳ್ತು. ಹಳ್ಳಿಯವರ ಸೌದೆ, ಮೇವಿಗೆ ಊರ ಸುತ್ತ ಸಾಮಾಜಿಕ ಅರಣ್ಯ ಬೆಳೆಸಿ, ಆಗ ಒಳಗಿನ ಕಾಡು ಕಾರ್ಖಾನೆಗಳಿಗೆ ಸಿಗುತ್ತೆ ಅನ್ನೋ ಅರ್ಥದಲ್ಲಿ. ಕರ್ನಾಟಕಕ್ಕೆ 1983ರಲ್ಲಿ ವಿಶ್ವಬ್ಯಾಂಕ್ ಮತ್ತು ಬ್ರಿಟನ್ ಸರ್ಕಾರದ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂತು. ಆಗ ಬೆಂಗಳೂರು ಗ್ರಾಮಾಂತರ ಅನ್ನೋ ಜಿಲ್ಲೆಯೇ ಇರಲಿಲ್ಲ, ಅದು ಆಗಿದ್ದು 1986ರಲ್ಲಿ.

ನೆಟ್ಟಿದ್ದು ನೀಲಗಿರಿ. ಈ ಮರದ ಕಥೆ ನಮ್ಮ ನದಿ ಹುಟ್ಟೋ ಜಾಗದಿಂದಲೇ ಶುರು, ಅದೊಂದು ತಮಾಷೆ. ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ, ನಂದಿ ಬೆಟ್ಟದಲ್ಲಿ ಆಸ್ಟ್ರೇಲಿಯಾದ ಈ ಗಿಡ ಹಾಕಿಸಿದ್ರು ಅಂತ ಹೇಳ್ತಾರೆ. ಅಲ್ಲಿ ಬೇರೆ ಬೇರೆ ಜಾತಿ ಬೆರೆತು ಹುಟ್ಟಿದ ತಳಿಗೆ ಇಡೀ ಭಾರತದಲ್ಲಿ 'ಮೈಸೂರು ಗಮ್' ಅಂತಲೇ ಹೆಸರು. (ಮರಕ್ಕೆ ಅಂತರ್ಜಾತಿ ಮದುವೆ ಆದ್ರೆ ಅರಣ್ಯ ಇಲಾಖೆ ಸನ್ಮಾನ ಮಾಡುತ್ತೆ, ನಮ್ಮ ಹುಡುಗರು ಆದ್ರೆ ಊರು ಬಿಡಬೇಕು. ಇರಲಿ.) ಬೇಗ ಬೆಳೆಯುತ್ತೆ, ದನ ಮುಟ್ಟಲ್ಲ, ಕಾವಲು ಬೇಡ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತೆ. ದನ ಮುಟ್ಟಲ್ಲ ಅನ್ನೋದನ್ನ ಇಲಾಖೆ ಗುಣ ಅಂತ ಬರ್ಕೊಂಡಿತು. ದನ ಇರೋರಿಗೆ ಅದು ಗುಣ ಹೇಗಾಗುತ್ತೆ?

ಯೋಜನೆ ಬರೋ ಮೊದಲೇ ನಮ್ಮ ಕಡೆ ಜಮೀನುದಾರರು ನೀಲಗಿರಿಗೆ ಇಳಿದಿದ್ದರು. ಇದಕ್ಕೆ ಕಾರಣ ಹೇಳೋರು ಮಳೆ ಕೈಕೊಡ್ತು ಅಂತಾರೆ, ಅದೂ ಇರಬಹುದು. ನನಗೆ ಕಾಣೋ ದೊಡ್ಡ ಕಾರಣ ಬೇರೆ. 1974ರಲ್ಲಿ ದೇವರಾಜ ಅರಸರ ಭೂ ಸುಧಾರಣೆ ಜಾರಿಗೆ ಬಂತು. ಗೇಣಿಗೆ, ವಾರಕ್ಕೆ ಕೊಟ್ರೆ ಉಳೋನು ಒಡೆಯ ಆಗಿಬಿಡ್ತಾನೆ ಅನ್ನೋ ಭಯ. ಬೆಂಗಳೂರಲ್ಲಿ ನೌಕರಿಗೋ ವ್ಯಾಪಾರಕ್ಕೋ ಸೇರಿದ ಒಡೆಯನಿಗೆ ಉಳೋನೇ ಬೇಡದ ಬೆಳೆ ಬೇಕಿತ್ತು. ನೀಲಗಿರಿ ಯಾವ ಅರ್ಜಿಯನ್ನೂ ಹಾಕಲ್ಲ, ಭೂ ನ್ಯಾಯಮಂಡಳಿ ಮುಂದೆ ನಿಲ್ಲಲ್ಲ. ಜೊತೆಗೆ ಬೆಂಗಳೂರಿನ ಕಟ್ಟಡಗಳಿಗೆ ಸೆಂಟ್ರಿಂಗ್ ಕಂಬ ಬೇಕು, ಹರಿಹರದ ಕಾರ್ಖಾನೆಗೆ ಪಲ್ಪ್ ಬೇಕು. 1981ರಲ್ಲೇ ವಂದನಾ ಶಿವ, ಎಚ್.ಸಿ. ಶರತ್ಚಂದ್ರ, ಜಯಂತ ಬಂದೋಪಾಧ್ಯಾಯ ಮೂವರು ಬೆಂಗಳೂರಿನ ಐಐಎಂನಿಂದ ಕೋಲಾರ ಜಿಲ್ಲೆಯ ಸಾಮಾಜಿಕ ಅರಣ್ಯದ ಬಗ್ಗೆ ವರದಿ ಬರೆದರು. ರಾಗಿ ಹೊಲ ನೀಲಗಿರಿ ತೋಪಾಗ್ತಿದೆ, ಕೂಲಿ ಹೋಗ್ತಿದೆ ಅಂತ ಆಗಲೇ ಹೇಳಿದ್ರು.

ಈ ಕೂಲಿ ಲೆಕ್ಕ ಸಣ್ಣದಲ್ಲ. ರಾಗಿ ಹೊಲ ಅಂದ್ರೆ ಗೊಬ್ಬರ ಹೊರೋದು, ಬಿತ್ತನೆ, ಎರಡು ಸಲ ಕಳೆ, ಕೊಯ್ಲು, ಮೆದೆ ಒಟ್ಟೋದು, ಕಣ, ಬಡಿಯೋದು, ತೂರೋದು. ಒಂದೊಂದು ಕೆಲಸಕ್ಕೂ ಹೆಂಗಸರ ಒಂದು ಸಾಲು ಇಳೀಬೇಕು, ಸಂಜೆ ಸೆರಗಲ್ಲಿ ಒಂದಿಷ್ಟು ರಾಗಿ ಮನೆಗೆ ಬರಬೇಕು. ನೀಲಗಿರಿಗೆ ಒಂದು ಸಲ ಗುಂಡಿ ತೋಡಿದ್ರೆ ಆಯ್ತು, ಮತ್ತೆ ಜನ ಬೇಕಾಗೋದು ಏಳೆಂಟು ವರ್ಷಕ್ಕೆ, ಅದೂ ಕೊಡಲಿ ಹಿಡಿದ ಗಂಡಸರು, ಗುತ್ತಿಗೆದಾರ ಬೇರೆ ಊರಿಂದ ಕರ್ಕೊಂಡು ಬಂದವರು. ನಮ್ಮ ಕೇರಿಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದ ಮೊದಲ ತಲೆಮಾರು ಇದೇ ಕಾಲದ್ದು. ಇಲ್ಲಿ ಹೊಲದಿಂದ ತಮ್ಮನ್ನ ಎಬ್ಬಿಸಿದ ಮರದ ಕಂಬದ ಮೇಲೇ ಅಲ್ಲಿ ಹಲಗೆ ಹಾಕ್ಕೊಂಡು ನಿಂತು ಗಾರೆ ಹೊತ್ತರು.

ಗೋಮಾಳದ ಮೇಲೆ ನೀಲಗಿರಿ ಬಂದಾಗ ಬೇಲಿ ಬಂತು, ವಾಚರ್ ಬಂದ. ಆಡು ಹಿಡಿದು ದೊಡ್ಡಿಗೆ ಹಾಕಿದ್ರು, ದಂಡ ಕಟ್ಟಿ ಬಿಡಿಸ್ಕೋಬೇಕು. ಅಜ್ಜಿ ಎರಡು ಸಲ ಬಿಡಿಸಿದಳು, ಮೂರನೇ ಸಲ ಆಡೇ ಮಾರಿಬಿಟ್ಟಳು. ಬಗರ್ ಹುಕುಂ ಮಾಡ್ತಿದ್ದವರಿಗೆ ಒಂದು ದಿನ ಇದ್ದಕ್ಕಿದ್ದ ಹಾಗೆ ಹೊಲದ ತುಂಬ ಗುಂಡಿ ಕಾಣಿಸ್ತು. ಆಮೇಲೆ 1990ರ ದಶಕದಲ್ಲಿ 94-ಎ ಕಲಂ ಬಂದು ಬಗರ್ ಹುಕುಂ ಸಕ್ರಮಕ್ಕೆ ಅರ್ಜಿ ಹಾಕಿ ಅಂದಾಗ, ನಿಮ್ಮ ಸ್ವಾಧೀನ ಎಲ್ಲಿದೆ, ಅಲ್ಲಿ ನೆಡುತೋಪು ಇದೆಯಲ್ಲ ಅನ್ನೋ ಉತ್ತರ ನಮ್ಮ ಕಡೆ ಎಷ್ಟು ಮನೆ ಕೇಳಿಸ್ಕೊಂಡಿದೆಯೋ.

ಹೋಗಲಿ, ಮಣ್ಣಾದರೂ ನಿಂತಿತಾ? ಹಳೇ ನೀಲಗಿರಿ ತೋಪೊಳಗೆ ನಡೆದು ನೋಡಿ. ಮೇಲೆ ಹಸಿರು, ಕಾಲ ಕೆಳಗೆ ಏನಿದೆ? ಬೋಳು ನೆಲ, ಅಲ್ಲಲ್ಲಿ ಬೆರಳಷ್ಟು ಆಳದ ಕೊರಕಲು, ಬೇರು ಎದ್ದು ಕಾಣ್ತಿರುತ್ತೆ. ಮಳೆ ಹನಿಯ ಲೆಕ್ಕ ಹೀಗಿದೆ: ಎಲೆ ಮೇಲೆ ಬಿದ್ದ ಹನಿಗಳು ಕೂಡಿಕೊಂಡು ದಪ್ಪವಾಗಿ ಕೆಳಗೆ ಬೀಳುತ್ತವೆ. ಎಂಟೊಂಬತ್ತು ಮೀಟರ್ ಎತ್ತರದಿಂದ ಬಿದ್ರೆ ಅವುಗಳ ವೇಗ ಹೆಚ್ಚುಕಡಿಮೆ ಆಕಾಶದಿಂದ ಬಿದ್ದ ಹನಿಯಷ್ಟೇ. ತೇಗದಂಥ ಅಗಲ ಎಲೆ ಮರದ ಕೆಳಗೆ ಏಟು ಇನ್ನೂ ಜೋರು, ನೀಲಗಿರಿಯದ್ದು ಅದಕ್ಕಿಂತ ಸಣ್ಣ ಹನಿ. ಹಾಗಾಗಿ ನೆಲವನ್ನ ನಿಜವಾಗಿ ಕಾಯೋದು ಕೆಳಗಿನ ಹುಲ್ಲು, ಪೊದೆ, ಉದುರಿದ ತರಗು. ಒತ್ತೊತ್ತಾಗಿ ನೆಟ್ಟ ನೀಲಗಿರಿ ಕೆಳಗೆ, ಕಡಿಮೆ ಮಳೆಯ ನಮ್ಮಂಥ ಕಡೆ, ಹುಲ್ಲು ಬರಲ್ಲ. ಉಳಿದ ತರಗನ್ನ ಗುಡಿಸಿಕೊಂಡು ಹೋಗ್ತಿದ್ದವರು ನಮ್ಮವ್ವಂದಿರೇ, ಅದನ್ನ ಮುಚ್ಚಿಡಲ್ಲ. ಬೇರೆ ಸೌದೆ ಎಲ್ಲಿತ್ತು? ನೀಲಗಿರಿ ಎಲೆ ಧಗ್ ಅಂತ ಉರಿಯುತ್ತೆ, ಎಣ್ಣೆ ವಾಸನೆ. ನಮ್ಮ ಮನೆ ಮುದ್ದೆಗೂ ಆ ವಾಸನೆ ಹತ್ತಿರೋದು, ನನಗೆ ಈಗಲೂ ನೆನಪಿದೆ. ಬಡವರಿಗೆ ಸೌದೆ ಕೊಟ್ಟಿದ್ದು ಆ ಮರವೇ ಅನ್ನೋದು ನಿಜ, ಆ ಸೌದೆ ತಂದಿದ್ದಕ್ಕೇ ನೆಲ ಬೆತ್ತಲಾಯ್ತು ಅನ್ನೋದೂ ನಿಜ.

ನೀರಿನ ವಿಷಯ ಇನ್ನೊಂದು. ನೀಲಗಿರಿ ನೀರು ಕುಡಿಯುತ್ತೆ ಅಂತ ರೈತರು ಅಂದ್ರೆ ಅದು ಮೂಢನಂಬಿಕೆ ಅಂತಿದ್ರು. ಆಮೇಲೆ ಇಯಾನ್ ಕಾಲ್ಡರ್ ಅನ್ನೋ ಬ್ರಿಟಿಷ್ ಜಲವಿಜ್ಞಾನಿ ಕರ್ನಾಟಕದ ಅರಣ್ಯ ಅಧಿಕಾರಿಗಳ ಜೊತೆ ಸೇರಿ ವರ್ಷಗಟ್ಟಲೆ ಅಳತೆ ಮಾಡಿದ. ಶಿವಮೊಗ್ಗದ ಕಡೆ ಒಂದು ತಾಕಿನಲ್ಲಿ ನೀಲಗಿರಿ ಕುಡಿದ ನೀರು ಅಲ್ಲಿನ ಕುರುಚಲು ಕಾಡಿಗಿಂತ ಹೆಚ್ಚೇನೂ ಇರಲಿಲ್ಲ. ರಾಗಿಗೆ ಹೋಲಿಸಿದ್ರೆ ಮಾತ್ರ ಸುಮಾರು ಎರಡು ಪಟ್ಟು. ಹೊಸಕೋಟೆಯ ಪ್ರಯೋಗ ತಾಕಿನಲ್ಲಿ ಇನ್ನೂ ವಿಚಿತ್ರ: ಮೂರು ವರ್ಷದಲ್ಲಿ ಬಿದ್ದ ಮಳೆ ಸುಮಾರು 2100 ಮಿಲಿಮೀಟರ್, ಮರ ಬಳಸಿದ್ದು ಸುಮಾರು 3400. ಮಿಕ್ಕಿದ್ದು ಎಲ್ಲಿಂದ? ಬೇರು ವರ್ಷಕ್ಕೆ ಎರಡೂವರೆ ಮೀಟರ್‌ಗಿಂತ ಹೆಚ್ಚು ಆಳಕ್ಕೆ ಇಳಿದು, ಹಿಂದೆ ಯಾವತ್ತೋ ಇಂಗಿ ಕೂತಿದ್ದ ನೀರನ್ನ ಎಳೆದಿತ್ತು. 1997ರಲ್ಲಿ ಅದು ಅಚ್ಚಾಯ್ತು. ಅಷ್ಟೊತ್ತಿಗೆ ನಮ್ಮ ಕಡೆಯ ತೆರೆದ ಬಾವಿಗಳು ಕಸ ಹಾಕೋ ಗುಂಡಿ ಆಗಿದ್ದವು. ಬಾವಿ ಬತ್ತಿದ್ದಕ್ಕೆ ನೀಲಗಿರಿಯೊಂದೇ ಕಾರಣ ಅನ್ನೋದು ಅನ್ಯಾಯ, ಸಾವಿರಾರು ಕೊಳವೆಬಾವಿ ಕೊರೆದವರ ಪಾಲೂ ಇದೆ. ಹಾಗೇ ನಮ್ಮವರಲ್ಲೂ ನೀಲಗಿರಿ ಹಾಕಿದವರಿದ್ದಾರೆ. ದರಖಾಸ್ತಲ್ಲಿ ಸಿಕ್ಕ ಎರಡೆಕರೆ ಕಲ್ಲು ಭೂಮಿ, ಎತ್ತಿಲ್ಲ, ಗಂಡ ಬೆಂಗಳೂರಲ್ಲಿ ವಾಚ್‌ಮನ್, ಇನ್ನೇನು ಮಾಡ್ತಾರೆ?

ವಿರೋಧ ಬರಲಿಲ್ಲ ಅಂತಲ್ಲ. 1983ರ ಆಗಸ್ಟ್‌ನಲ್ಲೇ ತುಮಕೂರು ಜಿಲ್ಲೆಯಲ್ಲಿ ರೈತಸಂಘದವರು ಅರಣ್ಯ ಇಲಾಖೆ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವು ಊರಿದರು. ಉತ್ತರದಲ್ಲಿ ಇನ್ನೂ ದೊಡ್ಡದಾಯ್ತು. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಅಂತ ಕಂಪನಿ ಮಾಡಿ ಧಾರವಾಡ, ಶಿವಮೊಗ್ಗ ಮುಂತಾದ ಜಿಲ್ಲೆಗಳ ಸುಮಾರು 75,000 ಎಕರೆ ಸಾಮೂಹಿಕ ಭೂಮಿ ನೀಲಗಿರಿಗೆ ಕೊಡೋಕೆ ಹೊರಟಿತು. 1987ರ ನವೆಂಬರ್ 14ರಂದು ಕುಸನೂರಲ್ಲಿ ಜನ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಮಾಡಿದ್ರು, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮುಂದೆ ನಿಂತಿತ್ತು. ನೀಲಗಿರಿ ಕಿತ್ತು ಮೇವು, ಹಣ್ಣಿನ ಗಿಡ ಹಚ್ಚೋದು. 1991ರಲ್ಲಿ ಕಂಪನಿ ಮುಚ್ಚಿತು. ದೊಡ್ಡ ಗೆಲುವು, ತಲೆಬಾಗ್ತೀನಿ. ಅದೇ ವರ್ಷಗಳಲ್ಲಿ ಬಿ. ಕೃಷ್ಣಪ್ಪನವರ ದಲಿತ ಸಂಘರ್ಷ ಸಮಿತಿ ಊರೂರಲ್ಲಿ ಭೂಮಿ ಕೇಳ್ತಾ ಇತ್ತು. ಈ ಎರಡು ಹೋರಾಟ ಒಂದು ದಾರಿಯಲ್ಲಿ ಸೇರಿದ್ದು ಕಡಿಮೆ ಅಂತ ನನ್ನ ಅಭಿಪ್ರಾಯ. ರೈತ ಸಂಘಟನೆಗೆ ಮರ ಯಾವುದು, ನೀರೆಷ್ಟು ಅನ್ನೋದು ಮುಖ್ಯವಾಯ್ತು. ಗೋಮಾಳದಲ್ಲಿ ಕೇರಿಗೆ ಪಾಲೆಷ್ಟು ಅನ್ನೋದನ್ನ ಕೇಳಿದ್ರೆ ಊರಗೌಡರೇ ಎದ್ದು ಹೋಗ್ತಾರಲ್ಲ.

ಇದು ನಮ್ಮೂರ ಹಣೆಬರಹ ಮಾತ್ರ ಅಲ್ಲ. ನೇಪಾಳದ ಕಥೆ ನೋಡಿ. ಬಡ ದೇಶಗಳಲ್ಲಿ ಕಾಡು ಮತ್ತೆ ಬೆಳೆಸಿ ಬೆಟ್ಟ ಉಳಿಸಿದ್ದಕ್ಕೆ ಎಲ್ಲರೂ ಕೊಡೋ ಉದಾಹರಣೆ ಅದು. 1993ರ ಕಾನೂನಿನಿಂದ ಕಾಡನ್ನ ಊರವರ ಬಳಕೆದಾರರ ಗುಂಪಿಗೆ ಕೊಟ್ಟರು. ಬೋಳು ಗುಡ್ಡ ಹಸಿರಾದವು, ಇದು ಸುಳ್ಳಲ್ಲ. ಆದರೆ ಎಷ್ಟೋ ಗುಂಪು ಮೊದಲು ಮಾಡಿದ ನಿಯಮ ಕಾಡಿಗೆ ಬಾಗಿಲು ಹಾಕೋದು, ಇದ್ದಿಲು ಸುಡೋದು ನಿಷೇಧ. ಇದ್ದಿಲು ಯಾರಿಗೆ ಬೇಕು? ಕುಲುಮೆ ಊದೋ ಕಾಮಿಗಳಿಗೆ, ಅಂದ್ರೆ ಅಲ್ಲಿನ ದಲಿತ ಕಮ್ಮಾರರಿಗೆ. ಸಮಿತಿಯಲ್ಲಿ ಮೇಲ್ಜಾತಿ, ಬೇಲಿ ಆಚೆ ಕಮ್ಮಾರ. ಓದಿದಾಗ ನನಗೆ ನಮ್ಮಜ್ಜಿಯ ಆಡು ನೆನಪಾಯ್ತು.

ಗುಡ್ಡ ಕುಸಿತದ ಮಾತು ಸಾಹೇಬ್ರು ಎತ್ತಿದ್ರಲ್ಲ, ಅದಕ್ಕೂ ಬರ್ತೀನಿ. ಮರದ ಬೇರು ಮೇಲ್ಪದರದ ಒಂದೆರಡು ಮೀಟರ್ ಮಣ್ಣನ್ನ ಹೊಲಿದು ಹಿಡಿಯುತ್ತೆ, ಸಣ್ಣ ಜಾರಿಕೆ ತಡೆಯುತ್ತೆ. ಅದಕ್ಕಿಂತ ಆಳದಲ್ಲಿ ಬಂಡೆ ಮಣ್ಣು ಬಿಟ್ಟುಕೊಂಡಾಗ ಮರವೂ ಮಣ್ಣಿನ ಜೊತೆ ಜಾರಿ ಬರುತ್ತೆ. ಬುಡ ಕೊರೆದು ರಸ್ತೆ ಮಾಡಿದ ಗುಡ್ಡಕ್ಕೆ ಮೇಲೆ ಎಷ್ಟು ಗಿಡ ನೆಟ್ಟರೇನು? 2018ರ ಆಗಸ್ಟ್‌ನಲ್ಲಿ ಕೊಡಗು ಜಾರಿದಾಗ ಇಳಿಜಾರು ಕಡಿದು ಮಟ್ಟ ಮಾಡಿದ್ದನ್ನೇ ಭೂವಿಜ್ಞಾನದವರು ಬೆರಳು ಮಾಡಿ ತೋರಿಸಿದ್ದು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಲ್ಲಿ ಗುಡ್ಡ ಬಿದ್ದಿದ್ದು ಹೆದ್ದಾರಿ ಮೇಲೆ. ಇನ್ನು ಸಾಯೋರು ಯಾರು? 2020ರ ಆಗಸ್ಟ್‌ನಲ್ಲಿ ಮುನ್ನಾರ್ ಹತ್ತಿರದ ಪೆಟ್ಟಿಮುಡಿಯಲ್ಲಿ ರಾತ್ರಿ ಗುಡ್ಡ ಜಾರಿ ಟೀ ತೋಟದ ಲೈನ್ ಮನೆಗಳು ಹೂತುಹೋದವು, 70 ಜನ ಹೋದರು. ಬಹುಪಾಲು ತಮಿಳು ದಲಿತ ಕೂಲಿಗಳು. ತಲೆಮಾರುಗಳಿಂದ ಆ ಬೆಟ್ಟದ ಮೇಲೆ ಹಸಿರು ಬೆಳೆಸಿದವರೇ ಅವರು, ಮಲಗೋಕೆ ಸಿಕ್ಕಿದ್ದು ಮಾತ್ರ ಇಳಿಜಾರಿನ ಬುಡ, ಸ್ವಂತಕ್ಕೆ ಒಂದು ಸೆಂಟ್ ಜಾಗ ಇಲ್ಲ.

ಹಾಗಾದ್ರೆ ಮಣ್ಣು ಉಳಿಸೋ ದಾರಿ ಇಲ್ವಾ ಅಂದ್ರೆ, ಇದೆ, ನಮ್ಮ ರಾಜ್ಯದಲ್ಲೇ ಇತ್ತು. ಗುಂಡ್ಲುಪೇಟೆ ಕಡೆ ರೈತರು ಹೊಲದ ಬದುವಿಗೆ ಲಾವಂಚ ಸಾಲು ಹಾಕ್ತಿದ್ರು, ತಲೆಮಾರುಗಳಿಂದ. ಮೇಲೆ ಒತ್ತಾದ ಹುಲ್ಲು, ಕೆಳಗೆ ಮೂರು ನಾಲ್ಕು ಮೀಟರ್ ನೇರವಾಗಿ ಇಳಿಯೋ ಬೇರು. ನೀರು ಬಿಡುತ್ತೆ, ಮಣ್ಣು ಬಿಡಲ್ಲ. 1980ರ ದಶಕದಲ್ಲಿ ಕನಕಪುರ ಕಡೆಯ ಕಬ್ಬಾಳನಾಲಾ ಜಲಾನಯನ ಯೋಜನೆಗೆ ಬಂದ ವಿಶ್ವಬ್ಯಾಂಕಿನ ಗ್ರೀನ್‌ಫೀಲ್ಡ್, ಗ್ರಿಮ್‌ಶಾ ಈ ಹುಲ್ಲಿನ ಹಿಂದೆ ಬಿದ್ದರು. ಗುಂಡ್ಲುಪೇಟೆ ಬದುಗಳನ್ನ ಉದಾಹರಣೆ ಕೊಟ್ಟು ಪ್ರಪಂಚಕ್ಕೆಲ್ಲ ಹೇಳಿದ್ರು. ಇವತ್ತು ಥಾಯ್ಲೆಂಡ್, ವಿಯೆಟ್ನಾಂ, ಇಥಿಯೋಪಿಯಾ, ಮಡಗಾಸ್ಕರ್‌ನಲ್ಲಿ ಹೆದ್ದಾರಿ ಪಕ್ಕದ ಗುಡ್ಡಗಳಿಗೂ ಲಾವಂಚ ನೆಡ್ತಾರೆ. ನಮ್ಮ ದಿಣ್ಣೆಗೆ ಬಂದಿದ್ದು ಮಾತ್ರ ನೀಲಗಿರಿ. ಅದೇ ವಿಶ್ವಬ್ಯಾಂಕು 2002ರಲ್ಲಿ ಜಲ ಸಂವರ್ಧನೆ ಯೋಜನೆ ಅಂತ ಕೆರೆ ಹೂಳೆತ್ತೋಕೂ ಸಾಲ ಕೊಟ್ಟಿತು. ದಿಣ್ಣೆ ಮೇಲೆ ಗಿಡಕ್ಕೊಂದು ಸಾಲ, ಇಪ್ಪತ್ತು ವರ್ಷ ಆದ್ಮೇಲೆ ಕೆಳಗಿನ ಹೂಳಿಗೊಂದು ಸಾಲ.

2017ರ ಫೆಬ್ರವರಿಯಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನ ನಿಷೇಧಿಸಿತು. ಸಂತೋಷ. ಈಗ ನಮ್ಮ ಸುತ್ತ ಜೆಸಿಬಿ ಬಂದು ಬೊಡ್ಡೆ ಕೀಳ್ತಿವೆ. ಕಿತ್ತ ಜಾಗದಲ್ಲಿ ಹುಣಸೆ, ಹೊಂಗೆ, ತಂಗಡಿ ಬರ್ತಿದೆಯಾ? ನಾನು ನೋಡಿದ ಹೆಚ್ಚಿನ ಕಡೆ ಬರ್ತಿರೋದು ಲೇಔಟು, ಗೋಡೌನು. ಒಂದು ಮಳೆಗಾಲ ಬೋಳಾಗಿ ಬಿದ್ದ ಆ ಮಣ್ಣು ಹೋಗೋದು ಮತ್ತೆ ಅದೇ ಕೆರೆಗೆ. ಇನ್ನೊಂದು ಕಡೆ ದೇಶ 2030ರೊಳಗೆ 2 ಕೋಟಿ 60 ಲಕ್ಷ ಹೆಕ್ಟೇರ್ ಹಾಳು ಭೂಮಿ ಸರಿ ಮಾಡ್ತೀವಿ ಅಂತ ಪ್ರಪಂಚದ ಮುಂದೆ ಮಾತು ಕೊಟ್ಟಿದೆ. ಎಲ್ಲೋ ಗಣಿಗೆ, ರಸ್ತೆಗೆ ಹೋದ ಕಾಡಿನ ಬದಲಿಗೆ ಗಿಡ ನೆಡೋಕೂ ಭೂಮಿ ಹುಡುಕ್ತಾರೆ. ಹುಡುಕೋರ ಕಣ್ಣಿಗೆ ಬೀಳೋದು ಗೋಮಾಳವೇ. ಅರಣ್ಯ ಅಂತ ದಾಖಲಾದ ಜಾಗದಲ್ಲಿ ಹಕ್ಕು ಕೇಳೋಣ ಅಂದ್ರೆ 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದ ಎಲ್ಲರಿಂದ ಮೂರು ತಲೆಮಾರು, ಅಂದ್ರೆ 75 ವರ್ಷದ ದಾಖಲೆ ಕೇಳುತ್ತೆ. ಹೆಬ್ಬೆಟ್ಟಿನ ನಮ್ಮ ಅಜ್ಜಂದಿರು 75 ವರ್ಷದ ಹಿಂದೆ ಯಾವ ಕಾಗದ ಇಟ್ಟಿದ್ರು?

ಅದಕ್ಕೆ ಒಂದು ಕೆಲಸ ಶುರು ಮಾಡಿದ್ದೀವಿ, ನಿಮ್ಮ ಸಹಾಯ ಬೇಕು. ಹೊಸಕೋಟೆ ತಾಲ್ಲೂಕಿನ ಊರುಗಳಲ್ಲಿ ಯಾವ್ಯಾವ ಸರ್ವೆ ನಂಬರಿನ ಗೋಮಾಳಕ್ಕೆ ಸಾಮಾಜಿಕ ಅರಣ್ಯದ ಹೆಸರಲ್ಲಿ ನೀಲಗಿರಿ ಹಾಕಿದ್ರು, ಅದಕ್ಕೆ ಮೊದಲು ಅಲ್ಲಿ ಯಾರು ಉಳ್ತಿದ್ರು, ಈಗ ಅದು ಯಾರ ಹೆಸರಲ್ಲಿದೆ ಅಂತ ಪಟ್ಟಿ ಮಾಡ್ತಿದ್ದೀವಿ. ನಿಮ್ಮ ಮನೇಲಿ ಟಿಟಿ ದಂಡದ ಹಳೇ ರಸೀದಿ, ಆಡು ದೊಡ್ಡಿಗೆ ಹಾಕಿದ ಚೀಟಿ, ನೀರಗಂಟಿ ಇನಾಮಿನ ಕಾಗದ ಏನೇ ಇದ್ರೂ ಪೆಟ್ಟಿಗೆಯಿಂದ ತೆಗೆದು ಫೋಟೋ ಹೊಡೆದು ಇನ್‌ಬಾಕ್ಸ್ ಮಾಡಿ, ಇಲ್ಲಿ ಬಹಿರಂಗವಾಗಿ ಹಾಕಬೇಡಿ. ಕಾಗದ ಇಲ್ಲದಿದ್ರೆ ಹಿರಿಯರನ್ನ ಕೂರಿಸಿ ಮಾತಾಡಿಸಿ, ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ನೀರಗಂಟಿ ಕೆಲಸ ಮಾಡಿದವರು ಬದುಕಿದ್ರೆ ಮೊದಲು ಅವರ ಹತ್ರ ಹೋಗಿ. ಮುಂದಿನ ಗ್ರಾಮಸಭೆಗೆ ಮೊದಲು ಪಿಲ್ಲಗುಂಪೆ ಸುತ್ತಿನ ಪಟ್ಟಿಯಾದರೂ ಮುಗೀಬೇಕು ಅಂದ್ಕೊಂಡಿದ್ದೀವಿ.